ಬಚ್ಚಿಟ್ಟ ಕೂಸು, ಮರಳಿ ಬಂದ ಒಲವು

ಪ್ರೇಮಕಾದಂಬರಿಗಳ ವಿಷಯ ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. 'ಇವನ್ನೋದಿ ಹುಡುಗಿಯರ ತಲೆ ಕೆಡುತ್ತದೆ' ಎಂಬುದು ಹಿರಿಯರ ಮಾತು. 'ಹೊತ್ತು ಹೋಗಲೆಂದು ಓದುತ್ತೇವೆ, ಅದರಲ್ಲೇನಿದೆ' ಎಂಬುದು ಓದುವವರ ಮಾತು. ಎರಡರ ಹಿಂದೆಯೂ ಇರುವ ಎಣಿಕೆ ಒಂದೇ: ಆ ಪುಸ್ತಕಗಳಲ್ಲಿ ವಿಚಾರ ಮಾಡತಕ್ಕದ್ದು ಏನೂ ಇಲ್ಲವೆಂಬುದು. ನಮಗೆ ಹಾಗೆ ತೋರುವುದಿಲ್ಲ. ಹಲವು ದೇಶಗಳ ಲಕ್ಷಾಂತರ ಸ್ತ್ರೀಯರು ಮೂರು-ನಾಲ್ಕು ತಲೆಮಾರುಗಳಿಂದ ಬಿಡದೆ ಓದುತ್ತ ಬಂದಿರುವ ಕಥೆಗಳೊಳಗೆ ಅವರ ಬದುಕಿನ ಯಾವುದೋ ನೋವು, ಯಾವುದೋ ಆಸೆ ಅಡಗಿರಲೇಬೇಕು. ಅಂತಹ ಕಥೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಓದುಗರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಕಥೆ ಇಷ್ಟು. ಒಬ್ಬ ತರುಣ, ಒಬ್ಬ ತರುಣಿ. ಇಬ್ಬರಲ್ಲಿ ಒಲವು ಮೂಡುತ್ತದೆ. ಏನೋ ಒಂದು ತಪ್ಪು ತಿಳಿವಳಿಕೆಯಿಂದ ಅಗಲುತ್ತಾರೆ. ಅಗಲಿದ ಮೇಲೆ ಆಕೆಗೆ ತಾನು ಗರ್ಭವತಿಯೆಂಬುದು ತಿಳಿಯುತ್ತದೆ. ಆ ಸುದ್ದಿ ಆತನಿಗೆ ಮುಟ್ಟುವುದಿಲ್ಲ. ಅಥವಾ ಆಕೆಯೇ ಮುಟ್ಟಿಸುವುದಿಲ್ಲ. ನಾಲ್ಕೈದು ವರ್ಷಗಳು ಉರುಳುತ್ತವೆ. ಒಂದು ದಿನ ಆತ ಎದುರಾಗುತ್ತಾನೆ; ಆಕೆಯ ಸೆರಗಿನ ಮರೆಯಿಂದ ಇಣುಕುವ ಮಗುವಿನ ಮುಖದಲ್ಲಿ ತನ್ನ ಕಣ್ಣುಗಳನ್ನೇ ಕಾಣುತ್ತಾನೆ. (ಆ ಕಾದಂಬರಿಗಳ ನಾಯಕಿಗೆ ಸೆರಗಿರುವುದಿಲ್ಲವೆಂಬುದು ಬೇರೆ ಮಾತು.) ಬಳಿಕ ಕೋಪ, ಆರೋಪ, ಕಣ್ಣೀರು, ಕೊನೆಗೆ ಮದುವೆ. ಇಂಗ್ಲಿಷ್ ಕಾದಂಬರಿಗಳ ಲೋಕದಲ್ಲಿ ಇದಕ್ಕೆ 'ಸೀಕ್ರೆಟ್ ಬೇಬಿ' ಎಂದು ಹೆಸರು. ಅಗಲಿದವರು ಮತ್ತೆ ಕೂಡುವ ಕಥೆಗೆ 'ಸೆಕೆಂಡ್ ಚಾನ್ಸ್' ಎನ್ನುತ್ತಾರೆ. ಮೊದಲನೆಯದನ್ನು ಬಚ್ಚಿಟ್ಟ ಕೂಸಿನ ಕಥೆಯೆಂದೂ ಎರಡನೆಯದನ್ನು ಮರಳಿ ಬಂದ ಒಲವಿನ ಕಥೆಯೆಂದೂ ನಾವು ಕರೆಯೋಣ. ಎರಡನೆಯದು ಒಂಟಿಯಾಗಿಯೂ ಬರುವುದುಂಟು. ಮೊದಲನೆಯದಂತೂ ಎರಡನೆಯದನ್ನು ಬಿಟ್ಟು ಬರುವುದು ಅಪರೂಪ.

ಈ ಬಗೆಯ ಪುಸ್ತಕಗಳೆಂದೊಡನೆ ನೆನಪಾಗುವ ಹೆಸರು 'ಮಿಲ್ಸ್ ಅಂಡ್ ಬೂನ್'. 1908ರಲ್ಲಿ ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ ಎಂಬಿಬ್ಬರು ಲಂಡನ್ನಿನಲ್ಲಿ ಆರಂಭಿಸಿದ ಈ ಸಂಸ್ಥೆ ಮೊದಲು ಎಲ್ಲ ಬಗೆಯ ಪುಸ್ತಕಗಳನ್ನೂ ಪ್ರಕಟಿಸುತ್ತಿತ್ತು. 1930ರ ದಶಕದಲ್ಲಿ, ಬಾಡಿಗೆಗೆ ಪುಸ್ತಕ ಕೊಡುವ ಗ್ರಂಥಾಲಯಗಳಿಗಾಗಿ ಪ್ರೇಮಕಾದಂಬರಿಗಳತ್ತ ಹೊರಳಿತು. 1949ರಲ್ಲಿ ಕೆನಡಾದ ವಿನ್ನಿಪೆಗ್ ನಗರದಲ್ಲಿ ಹುಟ್ಟಿದ 'ಹಾರ್ಲೆಕ್ವಿನ್' ಸಂಸ್ಥೆ 1957ರಿಂದ ಅವುಗಳನ್ನು ಅಮೆರಿಕ ಖಂಡದಲ್ಲಿ ಮರುಮುದ್ರಿಸತೊಡಗಿ, 1971ರಲ್ಲಿ ಮಿಲ್ಸ್ ಅಂಡ್ ಬೂನನ್ನೇ ಕೊಂಡುಕೊಂಡಿತು. 2014ರಲ್ಲಿ ಅದೂ ಹಾರ್ಪರ್‌ಕಾಲಿನ್ಸ್ ಪಾಲಾಯಿತು. ಭಾರತದಲ್ಲಿ ಮಿಲ್ಸ್ ಅಂಡ್ ಬೂನ್ ತನ್ನದೇ ಶಾಖೆ ತೆರೆದದ್ದು 2008ರಲ್ಲಿ. ಆದರೆ ಅದಕ್ಕೂ ಎಷ್ಟೋ ಮುಂಚಿನಿಂದ ನಮ್ಮ ನಗರಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ, ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅವು ಕೈಯಿಂದ ಕೈಗೆ ದಾಟುತ್ತಲೇ ಇದ್ದವು. ಕಾಲೇಜಿನ ಪಠ್ಯದೊಳಗೆ ಅಡಗಿಸಿಟ್ಟುಕೊಂಡು ಓದಿದವರು ಇಂದು ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ವಯಸ್ಸಿನಲ್ಲಿದ್ದಾರೆ.

ವಿನೋದವೆಂದರೆ, ಬಚ್ಚಿಟ್ಟ ಕೂಸಿನ ಗುಟ್ಟು ಅನೇಕ ವೇಳೆ ಪುಸ್ತಕದ ಮುಖಪುಟದ ಮೇಲೆಯೇ ಬಯಲಾಗಿರುತ್ತದೆ. ಆತ ಗ್ರೀಕ್ ದೇಶದ ಹಡಗಿನ ಒಡೆಯನೋ ಇಟಲಿಯ ಕೋಟ್ಯಧಿಪತಿಯೋ ಎಂಬುದನ್ನೂ, ಅವನಿಗೊಂದು ಗುಟ್ಟಿನ ಮಗುವಿದೆಯೆಂಬುದನ್ನೂ ಶೀರ್ಷಿಕೆಯೇ ಸಾರುತ್ತದೆ. ಕೊನೆಗೆ ಇಬ್ಬರೂ ಕೂಡುತ್ತಾರೆಂಬುದಂತೂ ಈ ಜಾತಿಯ ಕಾದಂಬರಿಗಳ ಕಟ್ಟಳೆ. ಹಾಗಿದ್ದ ಮೇಲೆ ಓದುವವರು ಏತಕ್ಕಾಗಿ ಓದುತ್ತಾರೆ? ಏನಾಗುವುದೆಂದು ತಿಳಿಯಲು ಅಲ್ಲ, ಹೇಗಾಗುವುದೆಂದು ತಿಳಿಯಲು. ಜಾನಿಸ್ ರಾಡ್ವೇ ಎಂಬ ಅಮೆರಿಕದ ವಿದುಷಿ ಅಲ್ಲಿನ ಒಂದು ಊರಿನ ಗೃಹಿಣಿಯರನ್ನು ಮಾತನಾಡಿಸಿ 1984ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಗಂಡ, ಮಕ್ಕಳು, ಅಡಿಗೆಮನೆ ಇವುಗಳ ನಡುವೆ ಪುಸ್ತಕ ಹಿಡಿದು ಕುಳಿತ ಅಷ್ಟು ಹೊತ್ತು ಮಾತ್ರ ತಮ್ಮದೆಂದು ಆ ಗೃಹಿಣಿಯರು ಹೇಳಿದರಂತೆ. ಎಲ್ಲರ ಆರೈಕೆ ಮಾಡುವವಳಿಗೂ ಒಬ್ಬರು ಆರೈಕೆ ಮಾಡಬೇಕೆಂಬ ಆಸೆ ಅಲ್ಲಿದೆ. ಇದನ್ನು ನಗುವಂತಿಲ್ಲ.

ಆದರೆ ಕಥೆಯ ಯಂತ್ರವನ್ನು ಬಿಚ್ಚಿ ನೋಡುವುದಕ್ಕೆ ಅಡ್ಡಿಯಿಲ್ಲ. ತಂದೆಗೆ ಮಗುವಿನ ವಿಷಯ ಏಕೆ ತಿಳಿಯಲಿಲ್ಲ? ಇದೇ ಆ ಯಂತ್ರದ ಕೀಲು. ಆಕೆ ಬರೆದ ಕಾಗದವನ್ನು ಅವನ ತಾಯಿ ಬಚ್ಚಿಟ್ಟಳು. ದೂರವಾಣಿ ಕರೆಯನ್ನು ಕಾರ್ಯದರ್ಶಿ ತಡೆದಳು. ಅಪಘಾತದಲ್ಲಿ ಅವನ ನೆನಪೇ ಹೋಯಿತು. ಇಲ್ಲವೇ, ಬೇರೊಬ್ಬಳೊಡನೆ ಅವನನ್ನು ಕಂಡು ಆಕೆ ಮನನೊಂದು ಹೊರಟುಬಿಟ್ಟಳು. ಆ ಬೇರೊಬ್ಬಳು ಅವನ ತಂಗಿಯೆಂದು ಇನ್ನೂರನೆಯ ಪುಟದಲ್ಲಿ ತಿಳಿಯುತ್ತದೆ. ಒಟ್ಟಿನಲ್ಲಿ ಇಬ್ಬರದೂ ತಪ್ಪಿಲ್ಲ. ತಪ್ಪೆಲ್ಲ ಒಂದು ಕಳೆದುಹೋದ ಕಾಗದದ್ದು. ನಡುವಣ ವರ್ಷಗಳಲ್ಲಿ ಆಕೆ ಮತ್ತೊಬ್ಬನತ್ತ ಕಣ್ಣೆತ್ತಿ ನೋಡಿರುವುದಿಲ್ಲ. ಆತನ ವಿಷಯದಲ್ಲಿ ಕಾದಂಬರಿಕಾರರು ಅಷ್ಟು ಕಟ್ಟುನಿಟ್ಟಾಗಿಲ್ಲ. ಮಗುವಿನ ವಯಸ್ಸೂ ಲೆಕ್ಕಾಚಾರದ್ದೇ. ನಾಲ್ಕೈದು ವರ್ಷದ ಕೂಸು ಮುದ್ದಾಗಿ ಮಾತನಾಡಬಲ್ಲದು, ಹೊಸದಾಗಿ ಬಂದವನ ತೊಡೆಯೇರಬಲ್ಲದು; 'ಇಷ್ಟು ದಿನ ಎಲ್ಲಿದ್ದೆ' ಎಂದು ಪಟ್ಟು ಹಿಡಿದು ಕೇಳಲಾರದು.

ಇದೆಲ್ಲ ಪಶ್ಚಿಮದಿಂದ ಬಂದ ಹೊಸ ಹುಚ್ಚೆಂದು ಭಾವಿಸುವವರು ಶಕುಂತಲೆಯ ಕಥೆಯನ್ನು ನೆನೆಯಬೇಕು. ಬಚ್ಚಿಟ್ಟ ಕೂಸು, ಮರಳಿ ಬಂದ ಒಲವು ಎರಡೂ ಅಲ್ಲಿವೆ. ಒಂದು ಸಲವಲ್ಲ, ಎರಡು ಸಲ, ಎರಡು ಬೇರೆ ಬೇರೆ ರೀತಿಯಲ್ಲಿ ಇವೆ. ಕಾಳಿದಾಸನ ನಾಟಕವನ್ನು ನಾವೆಲ್ಲರೂ ಬಲ್ಲೆವು. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಮೇಲೆ ಅದು ನಮ್ಮ ರಂಗಭೂಮಿಯದೂ ಆಯಿತು. ವ್ಯಾಸಭಾರತದ ಆದಿಪರ್ವದ ಶಕುಂತಲೆಯನ್ನು ಮಾತ್ರ ನಾವು ಮರೆತಿದ್ದೇವೆ.

ವ್ಯಾಸರ ಕಥೆಯಲ್ಲಿ ಉಂಗುರವಿಲ್ಲ, ದುರ್ವಾಸರ ಶಾಪವೂ ಇಲ್ಲ. ತನ್ನಲ್ಲಿ ಹುಟ್ಟುವ ಮಗನೇ ಯುವರಾಜನಾಗಬೇಕೆಂಬ ಮಾತನ್ನು ಪಡೆದೇ ಶಕುಂತಲೆ ಗಾಂಧರ್ವ ವಿವಾಹಕ್ಕೆ ಒಪ್ಪುತ್ತಾಳೆ. ಕರೆಸಿಕೊಳ್ಳುತ್ತೇನೆಂದು ಹೋದ ದುಷ್ಯಂತ ಕರೆಸಿಕೊಳ್ಳುವುದಿಲ್ಲ. ಮಗನಿಗೆ ಆರು ವರ್ಷವಾಗುತ್ತದೆ. ಸಿಂಹ ಹುಲಿಗಳನ್ನು ಹಿಡಿದು ಮರಕ್ಕೆ ಕಟ್ಟುವಷ್ಟು ಬಲಶಾಲಿಯಾಗುತ್ತಾನೆ. ಆಗ ಕಣ್ವರು ತಾಯಿಮಗನನ್ನು ಹಸ್ತಿನಾಪುರಕ್ಕೆ ಕಳುಹಿಸುತ್ತಾರೆ. ತುಂಬಿದ ಸಭೆಯಲ್ಲಿ ಆಕೆ, ಇವನು ನಿನ್ನ ಮಗ, ಕೊಟ್ಟ ಮಾತನ್ನು ನಡೆಸಿಕೊಡು ಎನ್ನುತ್ತಾಳೆ. ಅರಸನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ, ನೀನು ಯಾರೋ ನಾನರಿಯೆನೆನ್ನುತ್ತಾನೆ. ಆಕೆಯ ಹುಟ್ಟನ್ನೂ ನಡತೆಯನ್ನೂ ಹೀಯಾಳಿಸುತ್ತಾನೆ. ಆಕೆ ಅಳುತ್ತ ಕೂರುವುದಿಲ್ಲ. ಹೆಂಡತಿಯೆಂದರೆ ಏನು, ಮಗನೆಂದರೆ ಏನು, ಸತ್ಯವೆಂದರೆ ಏನು ಎಂದು ಸಭೆಯೆದುರಿಗೇ ಅರಸನಿಗೆ ಬುದ್ಧಿ ಹೇಳುತ್ತಾಳೆ. ನೀನು ಒಪ್ಪದಿದ್ದರೂ ನನ್ನ ಮಗ ಈ ಭೂಮಿಯನ್ನಾಳುವನೆಂದು ಹೊರಡಲು ಸಿದ್ಧಳಾಗುತ್ತಾಳೆ. ಆಗ ಅಶರೀರವಾಣಿಯಾಗುತ್ತದೆ. ದುಷ್ಯಂತ ಮಂತ್ರಿಗಳತ್ತ ತಿರುಗಿ, ನನಗೂ ತಿಳಿದೇ ಇತ್ತು, ಆದರೆ ಈಕೆಯ ಮಾತನ್ನಷ್ಟೇ ನಂಬಿ ಸ್ವೀಕರಿಸಿದ್ದರೆ ಲೋಕ ಸಂಶಯಪಡುತ್ತಿತ್ತು ಎನ್ನುತ್ತಾನೆ. ಅಲ್ಲಿಗೂ ನಿಲ್ಲಿಸದೆ, ಕೋಪದಲ್ಲಿ ನೀನಾಡಿದ ಕಟುಮಾತುಗಳನ್ನು ನಾನು ಕ್ಷಮಿಸಿದ್ದೇನೆಂದು ಶಕುಂತಲೆಗೇ ಹೇಳುತ್ತಾನೆ! ಕ್ಷಮೆ ಕೇಳಬೇಕಾದವನೇ ಕ್ಷಮೆ ಕೊಡುವ ಈ ಪರಿಯನ್ನು ನಮ್ಮ ತಾಯಂದಿರಲ್ಲಿ ಅನೇಕರು ತಮ್ಮ ಮನೆಗಳಲ್ಲಿಯೂ ಕಂಡಿರಬಹುದು.

ಇಂತಹವನನ್ನು ನಾಯಕನನ್ನಾಗಿ ಮಾಡುವುದು ಕಾಳಿದಾಸನಿಗೆ ಕಷ್ಟವಾಯಿತೆಂದು ತೋರುತ್ತದೆ. ಆದ್ದರಿಂದ ಶಾಪವನ್ನು ತಂದ, ಉಂಗುರವನ್ನು ತಂದ. ಸಭೆಗೆ ಬರುವಾಗ ಶಕುಂತಲೆ ಇನ್ನೂ ಗರ್ಭಿಣಿ. ಅರಸನಿಗೆ ನಿಜವಾಗಿಯೂ ಮರೆವು. ಉಂಗುರ ನೀರಿಗೆ ಬಿದ್ದು, ಮೀನು ನುಂಗಿ, ಬೆಸ್ತನ ಕೈಸೇರಿ ಅರಸನಿಗೆ ತಲುಪಿದಾಗ ನೆನಪು ಮರಳುತ್ತದೆ. ಇಂದಿನ ಪ್ರೇಮಕಾದಂಬರಿಯ ಕಳೆದುಹೋದ ಕಾಗದ, ತಡೆಹಿಡಿದ ದೂರವಾಣಿ ಕರೆ, ಅಪಘಾತದ ಮರೆವು ಇವೆಲ್ಲ ಆ ಉಂಗುರದ ಮತ್ತು ಶಾಪದ ಮರಿಮಕ್ಕಳೇ. ಮಗುವಿನ ಕಣ್ಣಿನಲ್ಲಿ ತನ್ನ ಕಣ್ಣನ್ನು ಕಾಣುವ ಸನ್ನಿವೇಶವೂ ಅಲ್ಲಿದೆ. ಮಾರೀಚರ ಆಶ್ರಮದಲ್ಲಿ ಸಿಂಹದ ಮರಿಯ ಹಲ್ಲೆಣಿಸಹೊರಟ ಬಾಲಕನ ಅಂಗೈಯಲ್ಲಿ ಅರಸನು ಚಕ್ರವರ್ತಿಯ ಲಕ್ಷಣವನ್ನು ಕಾಣುತ್ತಾನೆ. ಬಾಲಕನ ಮುಂಗೈಯಿಂದ ಜಾರಿಬಿದ್ದ ರಕ್ಷೆಯನ್ನು ತಂದೆತಾಯಿಗಳಲ್ಲದೆ ಬೇರೆಯವರು ಮುಟ್ಟಿದರೆ ಅದು ಹಾವಾಗಿ ಕಚ್ಚುವುದಂತೆ. ದುಷ್ಯಂತ ಎತ್ತಿಕೊಂಡಾಗ ಏನೂ ಆಗುವುದಿಲ್ಲ. ಇಂದಿನ ಕಾದಂಬರಿಯಲ್ಲಿ ಡಿಎನ್‌ಎ ಪರೀಕ್ಷೆ ಮಾಡುವ ಕೆಲಸವನ್ನು ಅಲ್ಲಿ ಒಂದು ಮೂಲಿಕೆ ಮಾಡಿತು.

ಆದರೆ ಕಾಳಿದಾಸ ದೊಡ್ಡ ಕವಿ. ಶಾಪವಿತ್ತೆಂದು ಹೇಳಿ ಅರಸನನ್ನು ಸುಮ್ಮನೆ ಬಿಡಲಿಲ್ಲ. ಇಡೀ ಆರನೆಯ ಅಂಕವನ್ನು ಅವನ ಪಶ್ಚಾತ್ತಾಪಕ್ಕೆಂದೇ ತೆಗೆದಿಟ್ಟ. ಅಲ್ಲೊಂದು ಸಣ್ಣ ಪ್ರಸಂಗವಿದೆ. ನಮ್ಮ ಮಟ್ಟಿಗೆ ನಾಟಕದ ಹೃದಯವೇ ಅದು. ಧನಮಿತ್ರನೆಂಬ ಕಡಲವ್ಯಾಪಾರಿ ಹಡಗು ಒಡೆದು ಸತ್ತನೆಂದೂ, ಮಕ್ಕಳಿಲ್ಲವಾದ್ದರಿಂದ ಅವನ ಐಶ್ವರ್ಯ ಬೊಕ್ಕಸಕ್ಕೆ ಸೇರಬೇಕೆಂದೂ ವರದಿ ಬರುತ್ತದೆ. ಅರಸನು, ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿಯಿದ್ದಾರೆಯೇ ವಿಚಾರಿಸಿ ಎನ್ನುತ್ತಾನೆ. ಇದ್ದಾಳೆಂದು ತಿಳಿದಾಗ, ತಂದೆಯ ಸೊತ್ತು ಗರ್ಭದಲ್ಲಿರುವ ಕೂಸಿಗೆ ಸೇರಬೇಕೆಂದು ತೀರ್ಪು ಕೊಡುತ್ತಾನೆ. ತನ್ನ ಕೂಸನ್ನು ಹೊತ್ತವಳನ್ನು ಸಭೆಯಿಂದ ಹೊರಗೆ ಕಳುಹಿಸಿದ ಅರಸ, ಬೇರೊಬ್ಬನ ಹುಟ್ಟದ ಕೂಸಿಗೆ ನ್ಯಾಯ ಕೊಡುವಾಗ ಅವನ ಎದೆಯಲ್ಲಿ ಏನಾಗುತ್ತದೆಂಬುದು ಮುಂದಿನ ಮಾತುಗಳಲ್ಲಿ ಕಾಣುತ್ತದೆ. ಆಗ ಅವನಿಗೆ ಮಗನಿದ್ದಾನೆಂಬ ಸುಳಿವೂ ಇಲ್ಲ, ಹೆಂಡತಿ ಮತ್ತೆ ಸಿಕ್ಕುವಳೆಂಬ ಆಸೆಯೂ ಇಲ್ಲ. ಪ್ರತಿಫಲದ ನಿರೀಕ್ಷೆಯಿಲ್ಲದೆ ಮನುಷ್ಯ ಬದಲಾಗುವುದೆಂದರೆ ಇದು. ಏಳನೆಯ ಅಂಕದಲ್ಲಿ ಅವನು ಆಕೆಯ ಕಾಲಿಗೆ ಬೀಳುವುದನ್ನು ನಾವು ನಂಬುವುದು ಆರನೆಯ ಅಂಕವನ್ನು ನೋಡಿರುವುದರಿಂದ.

ಇಂದಿನ ಸಾಧಾರಣ ಪ್ರೇಮಕಾದಂಬರಿ ಕಾಳಿದಾಸನಿಂದ ಶಾಪವನ್ನು ಇರಿಸಿಕೊಂಡಿದೆ, ಆರನೆಯ ಅಂಕವನ್ನು ಕೈಬಿಟ್ಟಿದೆ. ಅದರ ಬದಲಿಗೆ ಅಲ್ಲಿ ಬರುವುದು ಬೆದರಿಕೆ. ಮಗುವಿನ ವಿಷಯ ತಿಳಿದೊಡನೆ ಕೋಟ್ಯಧಿಪತಿಯಾದ ನಾಯಕ, 'ನನ್ನನ್ನು ಮದುವೆಯಾಗು, ಇಲ್ಲದಿದ್ದರೆ ನನ್ನ ವಕೀಲರು ಮಗುವನ್ನು ನಿನ್ನಿಂದ ಕಿತ್ತುಕೊಳ್ಳುತ್ತಾರೆ' ಎನ್ನುತ್ತಾನೆ. ಈ ಬೆದರಿಕೆಯನ್ನು ಒಲವಿನ ಉತ್ಕಟತೆಯೆಂದು ಓದುಗರಿಗೆ ಉಣಬಡಿಸಲಾಗುತ್ತದೆ. ಪ್ರೇಮಕಾದಂಬರಿಗಳ ಬಗೆಗೆ ನಮಗೆ ನಿಜವಾದ ಆಕ್ಷೇಪಣೆಯಿದ್ದರೆ ಇಲ್ಲಿದೆಯೇ ಹೊರತು ಮುಖಪುಟದ ಚಿತ್ರದಲ್ಲಿ ಅಲ್ಲ. ಆ ಬೆದರಿಕೆಯನ್ನು ಮುಂಚಿತವಾಗಿ ಊಹಿಸಿಯೇ ಆಕೆ ಕೂಸನ್ನು ಬಚ್ಚಿಟ್ಟಿರಬೇಕು. ಹಾಗಾದರೆ ಆಕೆಯ ಭಯ ಸರಿಯಾದದ್ದೇ ಆಗಿತ್ತಲ್ಲವೇ? ಈ ಪ್ರಶ್ನೆಯನ್ನು ಕಾದಂಬರಿ ಎತ್ತುವುದೇ ಇಲ್ಲ. ಮದುವೆಯ ಗಂಟೆ ಬಾರಿಸಿ ಮುಗಿಸುತ್ತದೆ.

ಶಾಪದ ನೆಪವಿಲ್ಲದೆಯೂ ಒಲವು ಮರಳಿ ಬರಬಹುದೇ? ಇದಕ್ಕೆ ಉತ್ತರವನ್ನು ಇಂಗ್ಲಿಷಿನಲ್ಲಿಯೇ ಜೇನ್ ಆಸ್ಟಿನ್ ಬರೆದಿಟ್ಟಿದ್ದಾಳೆ. ಅವಳು ತೀರಿಕೊಂಡ 1817ರ ವರ್ಷದ ಕೊನೆಯಲ್ಲಿ ಪ್ರಕಟವಾದ 'ಪರ್ಸುಯೇಷನ್' ಕಾದಂಬರಿಯಲ್ಲಿ ಬಚ್ಚಿಟ್ಟ ಕೂಸಿಲ್ಲ, ಕಳೆದುಹೋದ ಕಾಗದವಿಲ್ಲ, ದುಷ್ಟೆಯಾದ ಅತ್ತೆಯೂ ಇಲ್ಲ. ಹತ್ತೊಂಬತ್ತು ವರ್ಷದ ಆನ್ ಎಲಿಯಟ್, ಹಣವಿಲ್ಲದ ನೌಕಾಪಡೆಯ ತರುಣ ವೆಂಟ್‌ವರ್ತನಿಗೆ ಮಾತು ಕೊಟ್ಟು, ತಾಯಿಯ ಸ್ಥಾನದಲ್ಲಿದ್ದ ಲೇಡಿ ರಸೆಲ್‌ಳ ಹಿತವಚನ ಕೇಳಿ, ಕೊಟ್ಟ ಮಾತನ್ನು ತಾನೇ ಹಿಂತೆಗೆದುಕೊಳ್ಳುತ್ತಾಳೆ. ಎಂಟು ವರ್ಷಗಳ ಮೇಲೆ ಆತ ಕ್ಯಾಪ್ಟನನಾಗಿ, ಧನಿಕನಾಗಿ ಮರಳುತ್ತಾನೆ. ಆನ್‌ಗೆ ಈಗ ಇಪ್ಪತ್ತೇಳು. ಅಂದಿನ ಲೆಕ್ಕದಲ್ಲಿ ಯೌವನ ಕಳೆದವಳು. ತಪ್ಪು ಇಲ್ಲಿ ಮನುಷ್ಯರದು, ಉಂಗುರದ್ದಲ್ಲ. ಕೊನೆಗೆ ಇಬ್ಬರೂ ಮನಬಿಚ್ಚಿ ಮಾತನಾಡುವಾಗ ವೆಂಟ್‌ವರ್ತ್ ಒಂದು ಮಾತು ಕೇಳುತ್ತಾನೆ: ಅಗಲಿದ ಎರಡು ವರ್ಷಕ್ಕೇ ತನಗೆ ಹಡಗೂ ಹಣವೂ ದೊರೆತಿದ್ದವು, ಆಗ ಕಾಗದ ಬರೆದಿದ್ದರೆ ಒಪ್ಪುತ್ತಿದ್ದೆಯಾ? ಒಪ್ಪುತ್ತಿದ್ದೆನೆಂಬುದು ಆಕೆಯ ಧ್ವನಿಯಲ್ಲೇ ತಿಳಿಯುತ್ತದೆ. ಅಂದರೆ ಉಳಿದ ಆರು ವರ್ಷಗಳನ್ನು ಕಳೆದದ್ದು ಲೇಡಿ ರಸೆಲ್ ಅಲ್ಲ, ಅವನ ಅಭಿಮಾನ. ಅದನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಮರಳಿ ಬಂದ ಒಲವಿನ ಕಥೆಗಳಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾವು ಕಾಣೆವು.

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬರ ಮಾತು ಉಳಿಯುತ್ತದೆ. ಅದು ಕೂಸಿನದು. ಪ್ರೇಮಕಾದಂಬರಿಯಲ್ಲಿ ಕೂಸು ಅಗಲಿದವರನ್ನು ಬೆಸೆಯುವ ಅಂಟು ಮಾತ್ರ. ಕೂಸು ಬೆಳೆದು ದೊಡ್ಡದಾದರೆ ಏನಾಗುವುದೆಂಬುದಕ್ಕೆ ನಮ್ಮಲ್ಲಿ ಕರ್ಣನಿಗಿಂತ ಬೇರೆ ಸಾಕ್ಷಿ ಬೇಡ. ಕುಂತಿ ಅವನಲ್ಲಿಗೆ ಬಂದು ಗುಟ್ಟನ್ನು ಹೇಳುವಾಗ ಯುದ್ಧ ಹೊಸ್ತಿಲಲ್ಲಿದೆ. ತಾಯಿಗೆ ಅದು ಮರಳಿ ಬಂದ ಅವಕಾಶ. ಮಗನಿಗೆ ಅದು ತಡವಾಗಿ ಬಂದ ಸುದ್ದಿ. ಅರ್ಜುನನೊಬ್ಬನನ್ನುಳಿದು ಮಿಕ್ಕ ನಾಲ್ವರನ್ನು ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಾನೆ, ಆದರೆ ಅವಳ ಮನೆಗೆ ಬರುವುದಿಲ್ಲ. ಸಾಕಿದ ರಾಧೆಯನ್ನೂ ನಂಬಿದ ದುರ್ಯೋಧನನನ್ನೂ ಬಿಡುವುದಿಲ್ಲ. ಎರಡನೆಯ ಅವಕಾಶವನ್ನು ಬೇಡವೆನ್ನುವ ಹಕ್ಕು ಮಗುವಿಗೂ ಉಂಟೆಂದು ಹೇಳಿದ ಕಥೆ ಇದು.

ಚಲನಚಿತ್ರಗಳಲ್ಲಿ ಈ ನೋವನ್ನು ಹಿಡಿದದ್ದು ಶೇಖರ್ ಕಪೂರ್ 1983ರಲ್ಲಿ ನಿರ್ದೇಶಿಸಿದ ಹಿಂದಿಯ 'ಮಾಸೂಮ್'. ಅಮೆರಿಕದ ಎರಿಕ್ ಸೆಗಾಲ್ 1980ರಲ್ಲಿ ಬರೆದ ಕಾದಂಬರಿ ಅದರ ಮೂಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಡನೆ ಸುಖವಾಗಿರುವ ಗೃಹಸ್ಥನಿಗೆ, ಬೇರೊಬ್ಬಳಲ್ಲಿ ಹುಟ್ಟಿದ ಮಗನೊಬ್ಬನಿದ್ದಾನೆಂದೂ ಆ ತಾಯಿ ಈಗ ಇಲ್ಲವೆಂದೂ ಸುದ್ದಿ ಬರುತ್ತದೆ. ಹುಡುಗ ಮನೆಗೆ ಬರುತ್ತಾನೆ. ಅವನಿಗೆ ಇವನೇ ತಂದೆಯೆಂದು ಯಾರೂ ಹೇಳುವುದಿಲ್ಲ. ಕೊನೆಗೆ ಅವನೇ ಅರಿತುಕೊಳ್ಳುತ್ತಾನೆ. ಪ್ರೇಮಕಾದಂಬರಿ ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳದ ಮೂರನೆಯವಳು, ಎಂದರೆ ಏನೂ ತಪ್ಪು ಮಾಡದ ಹೆಂಡತಿ, ಇಲ್ಲಿ ಕಥೆಯ ನಡುವೆ ನಿಂತಿದ್ದಾಳೆ. ಶಬಾನಾ ಆಜ್ಮಿಯವರ ಅಭಿನಯವನ್ನು ಕಂಡವರು ಆ ಮೌನವನ್ನು ಮರೆಯಲಾರರು.

ಕಥೆಗಳಿಂದಾಚೆ, ಇಂತಹ ಒಂದು ಪ್ರಕರಣ ನಮ್ಮ ದೇಶದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಿದ್ಯಾವಂತಳೂ ಉದ್ಯೋಗಸ್ಥಳೂ ಆದ ಅವಿವಾಹಿತ ಮಹಿಳೆಯೊಬ್ಬಳಿಗೆ 2010ರಲ್ಲಿ ಗಂಡುಮಗುವಾಯಿತು. ತನ್ನ ಉಳಿತಾಯಕ್ಕೂ ವಿಮೆಗೂ ಮಗನನ್ನು ನಾಮಿನಿ ಮಾಡಹೋದಾಗ, ತಂದೆಯ ಹೆಸರು ತಿಳಿಸು, ಇಲ್ಲವೇ ನ್ಯಾಯಾಲಯದಿಂದ ಪಾಲಕತ್ವದ ಆದೇಶ ತಾ ಎಂದರು. ಆಕೆ ನ್ಯಾಯಾಲಯಕ್ಕೆ ಹೋದಳು. 1890ರ ಕಾಯಿದೆಯ ಪ್ರಕಾರ ತಂದೆಗೆ ನೋಟೀಸು ಹೋಗಬೇಕೆಂದು ಅಲ್ಲಿ ಕೇಳಿದರು. ಆಕೆ ಹೆಸರು ಹೇಳಲೊಲ್ಲಳು. ಆತ ಬೇರೆ ಮದುವೆಯಾಗಿ ಸಂಸಾರಸ್ಥನಾಗಿದ್ದ. ಮಗುವಿನ ಗೋಜಿಗೇ ಬಂದಿರಲಿಲ್ಲ. ಕೆಳಗಿನ ನ್ಯಾಯಾಲಯದಲ್ಲಿಯೂ ದೆಹಲಿ ಹೈಕೋರ್ಟಿನಲ್ಲಿಯೂ ಆಕೆಗೆ ಸೋಲಾಯಿತು. 2015ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟು ಆಕೆಯ ಪರವಾಗಿ ತೀರ್ಪಿತ್ತಿತು. ಮಗುವಿನ ಹಿತವೇ ಮುಖ್ಯ, ಮಗುವಿನ ಹೊಣೆಯನ್ನೇ ಹೊರದ ತಂದೆಗೆ ನೋಟೀಸು ಬೇಕಿಲ್ಲ ಎಂಬುದು ಅದರ ಸಾರ. ತೀರ್ಪಿನ ಕಡತಗಳಲ್ಲಿ ಆಕೆಗೆ ಹೆಸರಿಲ್ಲ. ಮೂರು ಇಂಗ್ಲಿಷ್ ಅಕ್ಷರಗಳಷ್ಟೇ ಇವೆ. ಅವಿವಾಹಿತ ತಾಯಿ ಮಗುವಿನ ಜನನಪತ್ರ ಕೇಳಿ ಬಂದರೆ ಅವಳ ಅಫಿಡವಿಟ್ಟನ್ನಷ್ಟೇ ಪಡೆದು ಕೊಡಬೇಕೆಂದೂ ಅದೇ ತೀರ್ಪಿನಲ್ಲಿ ಆಜ್ಞೆಯಾಯಿತು.

ಆದರೆ ನ್ಯಾಯಾಧೀಶರು ತಾಯಿಯ ಹಕ್ಕನ್ನು ಎತ್ತಿಹಿಡಿದು ಸುಮ್ಮನಾಗಲಿಲ್ಲ. ತನ್ನ ತಂದೆತಾಯಿಗಳು ಯಾರೆಂದು ತಿಳಿಯುವ ಹಕ್ಕು ಮಗುವಿಗೂ ಉಂಟೆಂಬುದನ್ನು ನೆನೆದು, ಆಕೆಯನ್ನು ಕರೆಸಿ ಮಾತನಾಡಿಸಿದರು. ಮಗನಿಗೆ ತಂದೆಯ ಹೆಸರನ್ನು ತಿಳಿಸುವ ಅಗತ್ಯವನ್ನು ಮನಗಾಣಿಸಿದರು. ಆಕೆ ಹೆಸರನ್ನೂ ತನಗೆ ತಿಳಿದಿದ್ದ ಕೆಲವು ವಿವರಗಳನ್ನೂ ಅವರಿಗೆ ಹೇಳಿದಳು. ಅದನ್ನು ಒಂದು ಲಕೋಟೆಯಲ್ಲಿಟ್ಟು ಮೊಹರು ಮಾಡಿ, ಸುಪ್ರೀಂ ಕೋರ್ಟಿನ ನಿರ್ದಿಷ್ಟ ಆದೇಶವಿಲ್ಲದೆ ತೆರೆಯಕೂಡದೆಂದು ಬರೆದಿರಿಸಿದರು. ತೀರ್ಪು ಬಂದಾಗ ಆ ಬಾಲಕನಿಗೆ ಸುಮಾರು ಐದು ವರ್ಷ, ಎಂದರೆ ಪ್ರೇಮಕಾದಂಬರಿಗಳ ಕೂಸಿನ ವಯಸ್ಸು.